ಅಕ್ಕ-ತಂಗಿ ಸೈರನ್

ಸೈರನ್ ಕೂಗಿದರೆ ಕಿವಿ ಮುಚ್ಚಿಕೊಳ್ಳುವವರೇ ಲೋಕದಲ್ಲಿ ಹೆಚ್ಚು. ಆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಹಿಂದೆ ಓಡುವ ಒಂದು ಜಾತಿಯೂ ಇದೆ. ನೋಡುವುದಕ್ಕೆ ಅವರು ನಮ್ಮ ನಿಮ್ಮಂತೆಯೇ ಇರುತ್ತಾರೆ, ಪಾಪ. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ ಮಾಡುತ್ತಾರೆ, ಸಂಬಳ ತರುತ್ತಾರೆ. ಹಳೆಯ ಮಿಲ್ಲಿನ ಮಾಡಿನ ಮೇಲೆ ತುಕ್ಕು ಹಿಡಿದ ಡಬ್ಬವೊಂದು ಕಂಡಿತೋ, ಮುಗಿಯಿತು. ಹೆಂಡತಿ ಮಕ್ಕಳನ್ನು ಕಾರಿನಲ್ಲೇ ಕೂರಿಸಿ ಗೋಡೆ ಹತ್ತಿಬಿಡುತ್ತಾರೆ. ಗೋಣಿಕೊಪ್ಪಲಿನ ಕಮಲ ಟೀಚರ್ ಇಂಥವರ ಸಹವಾಸಕ್ಕೆ ಬಿದ್ದದ್ದು ಅರವತ್ತು ದಾಟಿದ ಮೇಲೆ. ಬಿದ್ದವರು ಮೇಲೇಳುವ ಮನಸ್ಸನ್ನೂ ಮಾಡಲಿಲ್ಲ.

ಟೀಚರಿಗೆ ಮೊದಲಿನಿಂದಲೂ ಒಂದು ಹಟವಿತ್ತು. ಕಕ್ಕಬೆಯ ಹತ್ತಿರ ಅವರು ಹುಟ್ಟಿದ ಮನೆ. ಮನೆಯೆದುರು ಗದ್ದೆ, ಗದ್ದೆಯಾಚೆಯ ಏರಿನಲ್ಲಿ ಕಾಫಿ ಎಸ್ಟೇಟು, ಆ ಎಸ್ಟೇಟಿನವರು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ, ಅದರ ಮಾಡಿನ ಮೇಲೆ ಕಬ್ಬಿಣದ ಗೋಪುರ. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಆಳುಗಳನ್ನು ಕರೆಯಲು ಆ ಗೋಪುರದಿಂದ ಸೈರನ್ ಹಾಡುತ್ತಿತ್ತು. ಕೂಗುತ್ತಿತ್ತು ಅಂದರೆ ಟೀಚರಿಗೆ ಸಿಟ್ಟು, ಹಾಡುತ್ತಿತ್ತು ಅನ್ನಬೇಕು. ಅದೂ ಒಂದಲ್ಲ, ಎರಡು. ದೊಡ್ಡ ಸೈರನ್ ಒಂದು ಸ್ವರ ಹೇಳಿದರೆ ಚಿಕ್ಕದು ಅದನ್ನೇ ಮೆಲ್ಲಗೆ ಒಪ್ಪಿಸುತ್ತಿತ್ತು. ಗದ್ದೆ ಕಡೆಯ ಮಕ್ಕಳೆಲ್ಲ ಅವನ್ನು ಅಕ್ಕ-ತಂಗಿ ಎನ್ನುತ್ತಿದ್ದರು. ಟೀಚರಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಸಂಸಾರ ಕಟ್ಟಿಕೊಂಡು ಗೋಣಿಕೊಪ್ಪಲಿಗೆ ಬಂದರು. ಆ ಹಾಡು ಅಲ್ಲೇ ಉಳಿಯಿತು.

ಮುಂದೆ ಶಾಲೆಯಲ್ಲಿ ಸಂಗೀತ ಹೇಳಿಕೊಡುವಾಗ ಈ ಕಥೆಯನ್ನು ಅವರು ಎಷ್ಟು ತಲೆಮಾರಿನ ಮಕ್ಕಳಿಗೆ ಹೇಳಿದರೋ. ಸೈರನ್ ಎಲ್ಲಾದರೂ ಮೋಹನ ರಾಗದಲ್ಲಿ ಹಾಡುತ್ತದೆಯೇ ಎಂದು ಮಕ್ಕಳು ಡೆಸ್ಕಿನ ಕೆಳಗೆ ಮುಖ ಅಡಗಿಸಿ ನಕ್ಕರು, ಬೆನ್ನ ಹಿಂದೆ ಸೈರನ್ ಟೀಚರ್ ಎಂದರು. ತಮ್ಮ ಕುಶಾಲಪ್ಪ ಊರಿನಲ್ಲಿ ಜೀಪಿನ ವರ್ಕ್‌ಶಾಪ್ ಇಟ್ಟವನು. ಊರು ಬಿಟ್ಟಾಗ ತೊಟ್ಟಿಲಲ್ಲಿದ್ದ, ಅವನಿಗೇನೂ ನೆನಪಿಲ್ಲ. ಹೊರಗೆ ಯಾರಾದರೂ ನಕ್ಕರೆ ಜಗಳಕ್ಕೆ ಹೋಗುತ್ತಿದ್ದ, ಮನೆಯೊಳಗೆ ತಾನೇ ನಗುತ್ತಿದ್ದ. ಟೀಚರಿಗೆ ಇದ್ದದ್ದು ಒಂದೇ ಆಸೆ. ಆ ಹಾಡನ್ನು ಇನ್ನೊಂದು ಸಲ ಕಿವಿಯಾರೆ ಕೇಳಬೇಕು. ತಾನು ಕಂಡದ್ದು ಕನಸಲ್ಲ ಎಂದು ತನಗಾದರೂ ಗೊತ್ತಾಗಬೇಕು.

ಅವರ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದ ಅನುಶ್ರೀ, ಕುಶಾಲನಗರದ ಕಡೆಯ ಹುಡುಗಿ, ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಈ ಕಥೆ ಕೇಳಿದವಳು ನಗಲಿಲ್ಲ. ಲೋಟವನ್ನು ಕೆಳಗಿಟ್ಟು, ಆ ಗೋಪುರ ಈಗಲೂ ಇದೆಯೇ ಎಂದು ಕೇಳಿದಳು. ಅವಳು ಆ ಜಾತಿಯವಳೇ ಎಂದು ಟೀಚರಿಗೆ ಆಗ ಗೊತ್ತಾಯಿತು. ಕಿಟಕಿಗಳಿರುವ ಒಂದು ಉರುಳೆ ಗಾಳಿಯನ್ನು ಕತ್ತರಿಸುತ್ತ ತಿರುಗಿದರೆ ಸೈರನ್ ಕೂಗುತ್ತದೆ, ಕಿಟಕಿ ಹೆಚ್ಚಾದಷ್ಟೂ ಸ್ವರ ಮೇಲೇರುತ್ತದೆ, ಬೇರೆ ಬೇರೆ ಲೆಕ್ಕದ ಕಿಟಕಿಗಳಿರುವ ಉರುಳೆಗಳನ್ನು ಒಂದೇ ದಂಡಕ್ಕೆ ಸಿಕ್ಕಿಸಿ ಒಂದೊಂದಕ್ಕೂ ಮುಚ್ಚಳವಿಟ್ಟರೆ ಬೇಕಾದ ಸ್ವರ ಬೇಕಾದಾಗ ತೆಗೆಯಬಹುದು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಂಥವು ಜಗತ್ತಿನಲ್ಲಿ ತೀರಾ ಅಪರೂಪ, ತಮ್ಮ ಗುಂಪಿನವರು ಅಂಥದ್ದೊಂದನ್ನು ಕಣ್ಣಿನಿಂದ ನೋಡಲು ಏನು ಬೇಕಾದರೂ ಕೊಟ್ಟಾರು ಎಂದಳು. ಅಂದು ಕಾಲೇಜಿಗೆ ರಜೆ ಹಾಕಿದಳು. ಕುಶಾಲಪ್ಪನ ಜೀಪು ಮಧ್ಯಾಹ್ನದೊಳಗೆ ಕಕ್ಕಬೆಯ ದಾರಿ ಹಿಡಿದಿತ್ತು.

ಸೈರನ್ ಇತ್ತು! ಗೋಪುರದ ತುದಿಯಲ್ಲಿ, ಬಳ್ಳಿ ಸುತ್ತಿಕೊಂಡು, ಒಳಗೆ ಜೇನು ಕಟ್ಟಿಸಿಕೊಂಡು ಕೂತಿತ್ತು. ಅನುಶ್ರೀ ಏಣಿ ಹತ್ತಿ ಬಳ್ಳಿ ಸರಿಸಿ, ಒಂದೇ ದಂಡದಲ್ಲಿ ಐದು ಉರುಳೆ, ಐದು ಮುಚ್ಚಳ, ಕೆಳಗಿನ ಕೋಣೆಗೆ ಇಳಿದ ಐದು ತಂತಿ, ಅಲ್ಲಿ ಸಾಲಾಗಿ ಐದು ಹಿಡಿಕೆ ಎಂದು ಮೇಲಿನಿಂದ ಕೂಗಿ ಹೇಳುತ್ತಿದ್ದರೆ ಟೀಚರ್ ಕೆಳಗೆ ನಿಂತು ಸ, ರಿ, ಗ, ಪ, ದ ಎಂದು ಬೆರಳು ಮಡಿಸುತ್ತಿದ್ದರು. ಆದರೆ ಇದ್ದದ್ದು ಒಂದೇ ಸೈರನ್. ಎರಡನೆಯದರ ಗುರುತು ಗೋಪುರದ ಮೇಲೂ ಇರಲಿಲ್ಲ, ಗೋಡೌನಿನಲ್ಲೂ ಇರಲಿಲ್ಲ.

ಎಸ್ಟೇಟಿನ ಆಳುಗಳ ಲೈನ್ ಮನೆಯ ಕಾಳಮ್ಮ, ಪಲ್ಪರ್ ಮನೆಯ ಪಕ್ಕದಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು, ಇವರ ಹುಡುಕಾಟ ನೋಡಿ ಎಲೆಅಡಿಕೆ ಉಗುಳಿ ನಕ್ಕಳು. ಇದ್ದದ್ದು ಒಂದೇ, ಅದೂ ಹಾಡುತ್ತಿರಲಿಲ್ಲ, ಬಿಕ್ಕಳಿಸುತ್ತಿತ್ತು ಎಂದಳು. ಒಂದು ಸಲ ಊಂ ಅನ್ನುವುದು, ಸುಮ್ಮನಾಗುವುದು, ಮತ್ತೆ ಊಂ ಅನ್ನುವುದು. ಲೈನಿನವರೆಲ್ಲ ಅದನ್ನು ಬಿಕ್ಕಳಿಕೆ ಎಂದೇ ಕರೆಯುತ್ತಿದ್ದರಂತೆ. ಟೀಚರ್ ಮುಖ ಕೆಂಪಾಯಿತು. ಕಾಳಮ್ಮನ ಮಾತು ಸುಳ್ಳೆನ್ನುವ ಹಾಗಿರಲಿಲ್ಲ, ತನ್ನ ಕಿವಿಯನ್ನು ಸುಳ್ಳೆನ್ನಲು ಮನಸ್ಸಿರಲಿಲ್ಲ.

ಎಸ್ಟೇಟು ಈಗ ದೀಕ್ಷಿತ್‌ನ ಕೈಯಲ್ಲಿತ್ತು. ಟೀಚರಿನ ಹಳೆಯ ವಿದ್ಯಾರ್ಥಿ, ಪಾಠಕ್ಕಿಂತ ಕಿಟಕಿಯ ಹೊರಗೆ ಹೆಚ್ಚು ನೋಡಿದವನು. ಪಲ್ಪರ್ ಮನೆ ಕೆಡವಿ ಹೋಮ್‌ಸ್ಟೇ ಕಟ್ಟಬೇಕೆಂದಿದ್ದ, ಗೋಪುರವನ್ನು ಗುಜರಿಯ ಜಯಪ್ಪನಿಗೆ ಮಾತಾಡಿ ಆಗಿತ್ತು. ಟೀಚರ್ ಎದುರು ನಿಂತಾಗ ಅವನಿಗೆ ಹಳೆಯ ಅಭ್ಯಾಸದಂತೆ ಕೈ ಕಟ್ಟಿಕೊಳ್ಳಬೇಕೆನಿಸಿರಬೇಕು, ಪಟ್ಟಾಗಿ ಇಲ್ಲವೆನ್ನಲಾಗಲಿಲ್ಲ. ಜನವರಿಯ ಕೊನೆಯ ಭಾನುವಾರದವರೆಗೆ ತಡೆಯುತ್ತೇನೆ, ಹಾಡಿಸಿ ತೋರಿಸಿ ಎಂದ. ಹಾಡಿದರೆ ಗೋಪುರ ಇರಲಿ, ಬಿಕ್ಕಳಿಸಿದರೆ ಸೋಮವಾರ ಜಯಪ್ಪನ ಲಾರಿ ಬರುತ್ತದೆ.

ಆಮೇಲಿನ ವಾರಗಳನ್ನು ಹೇಗೆಂದು ಹೇಳುವುದು. ಟೀಚರಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ಜೇನು ಬಿಡಿಸಿದರು, ತುಕ್ಕು ಕೆರೆದರು, ಬೇರಿಂಗ್ ಬದಲಿಸಿದರು, ಹೊಸ ಮೋಟಾರು ಕೂರಿಸಿದರು. ಅನುಶ್ರೀಯ ಗುಂಪಿನವರು ಮೈಸೂರಿನಿಂದ ಬಂದರು, ಕೇರಳದ ಗಡಿಯ ಕುಟ್ಟದ ಕಡೆಯಿಂದ ಮಲಯಾಳಿ ಗೆಳೆಯರು ಬಂದರು. ಗ್ರೀಸು ಮೆತ್ತಿದ ಕೈಯಲ್ಲೇ ಕಡುಬು, ಪಂದಿಕರಿ ಹೊಡೆದು, ಉರುಳೆಯ ಕಿಟಕಿಯ ಅಂಚು ಚೂಪಾಗಿರಬೇಕೋ ಮೊಂಡಾಗಿರಬೇಕೋ ಎಂದು ಗಂಟಲು ಹರಿಯುವಂತೆ ವಾದ ಮಾಡಿದರು. ಅವರಲ್ಲಿ ಯಾರೂ ಟೀಚರಿನ ಮಾತನ್ನು ಅನುಮಾನಿಸಲಿಲ್ಲ. ಎರಡು ಎಂದರೆ ಎರಡೇ. ತಂಗಿ ಎಲ್ಲೋ ಕಳೆದುಹೋಗಿದ್ದಾಳೆ, ನಾವೇ ಮಾಡೋಣ ಎಂದರು. ಕುಶಾಲಪ್ಪನ ವರ್ಕ್‌ಶಾಪಿನಲ್ಲಿ ಚಿಕ್ಕ ಸೈರನ್ ಒಂದು ತಯಾರಾಯಿತು, ಅಕ್ಕನ ಪಕ್ಕದಲ್ಲಿ ಏರಿ ಕೂತಿತು. ಟೀಚರ್ ತಮಗೆ ನೆನಪಿದ್ದ ಹಾಡನ್ನು ಗುನುಗಿ ಗುನುಗಿ ಎಲ್ಲರಿಗೂ ಬಾಯಿಪಾಠ ಮಾಡಿಸಿದರು.

ಗಡುವಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಮೊದಲ ಪರೀಕ್ಷೆ. ಕೊಡಗಿನಲ್ಲಿ ಈಗ ಸೈರನ್ ಕೂಗಿದರೆ ಆನೆ ಬಂತೆಂದೇ ಅರ್ಥ. ಹಾಗಾಗಿ ಊರಿನ ವಾಟ್ಸಾಪ್ ಗುಂಪಿಗೆಲ್ಲ ಸುದ್ದಿ ಹಾಕಿ, ಸಾಲದೆಂದು ಕುಶಾಲಪ್ಪ ಗದ್ದೆ ಕಡೆಯ ಮನೆಗಳಿಗೆ ಜೀಪಿನಲ್ಲಿ ಹೇಳಿಬರಲು ಹೋದ. ಟೀಚರ್ ಅಕ್ಕನ ಹಿಡಿಕೆಗಳ ಮುಂದೆ, ಅನುಶ್ರೀ ತಂಗಿಯದರ ಮುಂದೆ. ಉಳಿದವರು ಕಿವಿಗೆ ದಪ್ಪ ಮುಚ್ಚಿಗೆ ಹಾಕಿಕೊಂಡು ಗೋಪುರದ ಬುಡಕ್ಕೇ ಅಂಟಿಕೊಂಡರು. ಆ ಜಾತಿಯವರು ಸೈರನ್ನನ್ನು ದೂರದಿಂದ ಕೇಳಿದ್ದುಂಟೇ!

ಮೋಟಾರು ತಿರುಗಿತು. ಮೊದಲು ಕಾಡಿನ ಕಾಟಿ ಗೊಣಗಿದಂತೆ ಒಂದು ಗುರುಗುರು, ಅದು ಏರಿ ಏರಿ ನೆಲ ನಡುಗಿ, ಆಮೇಲೆ ಟೀಚರ್ ಹಿಡಿಕೆ ಎಳೆದರು. ಸ ಎಂದಳು ಅಕ್ಕ. ಸ ಎಂದಳು ತಂಗಿ. ಗ ಎಂದಳು ಅಕ್ಕ, ಗ ಎಂದಳು ತಂಗಿ. ಮೋಹನ ರಾಗ ಗೋಪುರದಿಂದ ಧುಮುಕಿತು. ಮೈಸೂರಿನವನೊಬ್ಬ ನಿಂತಲ್ಲೇ ಅತ್ತುಬಿಟ್ಟ, ಕುಟ್ಟದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಟೀಚರಿಗೆ ಮಾತ್ರ ಏನೋ ಕಸಿವಿಸಿ. ಸ್ವರ ಸರಿ, ಹಾಡು ಸರಿ, ಆದರೂ ತಾನು ಕೇಳಿದ್ದ ತಂಗಿ ಇವಳಲ್ಲ ಎನಿಸಿತು. ಅಷ್ಟರಲ್ಲಿ ಕುಶಾಲಪ್ಪನ ಫೋನ್ ಬಂತು.

"ಅಕ್ಕಾ, ಬೇಜಾರ್ ಮಾಡ್ಬೇಡ. ಇಲ್ಲಿಗೆ ನಾಲ್ಕ್ ನಾಯಿ ಜಗಳ ಮಾಡ್ದಂಗೆ ಕೇಳ್ತುಂಟು."

ಟೀಚರ್ ಎದ್ದ ಗಳಿಗೆಯಲ್ಲೇ ಹೊರಟರು. ಸುತ್ತು ದಾರಿಯಲ್ಲಿ ಮೈಸೂರಿನವರ ಕಾರು ಅವರನ್ನು ಗದ್ದೆಗೆ ಮುಟ್ಟಿಸಿತು. ಕೊಯ್ಲು ಮುಗಿದ ಬರಿಗದ್ದೆ, ಬದಿಯಲ್ಲಿ ಅವರು ಹುಟ್ಟಿದ ಮನೆಯಿದ್ದ ಜಾಗ, ಹಿಂದೆ ಎದ್ದು ನಿಂತ ಕರಿಬಂಡೆಯ ಗೋಡೆ. ಫೋನಿನಲ್ಲಿ ಮತ್ತೆ ಬಾರಿಸಲು ಹೇಳಿದರು. ಮೇಲೆ ಅವರ ಜಾಗದಲ್ಲಿ ಗುಂಪಿನವನೊಬ್ಬ ಕೂತ. ಕುಶಾಲಪ್ಪ ಹೇಳಿದ್ದು ಸ್ವಲ್ಪ ಕಡಿಮೆಯೇ ಆಗಿತ್ತು. ಸ್ವರದ ಮೇಲೆ ಸ್ವರ ಬಿದ್ದು, ಒಂದರ ಕುತ್ತಿಗೆ ಇನ್ನೊಂದು ಹಿಡಿದು, ಸಂತೆಯ ಗಲಾಟೆ. ಟೀಚರಿಗೆ ಅವಮಾನವಾಯಿತು, ಅಳುವೂ ಬಂತು. ನಾಳೆ ಇದನ್ನೇ ಊರೆಲ್ಲ ಕೇಳಬೇಕೇ ಎಂದು ಸಿಟ್ಟು ನೆತ್ತಿಗೇರಿ, ಹಾಡು ಒಂದು ಸಲ ಮುಗಿದು ಮತ್ತೆ ಶುರುವಾಗುವ ಬಿಡುವಿನಲ್ಲಿ, ಫೋನು ಕೈಯಲ್ಲಿದೆ ಎಂಬುದನ್ನೂ ಮರೆತು ಏರಿನ ಕಡೆ ತಿರುಗಿ ಶಾಲೆಯ ಅಂಗಳದಲ್ಲಿ ಗದರುವ ಗಂಟಲಲ್ಲಿ ಕೂಗಿದರು.

"ಸಾಕು, ನಿಲ್ಸಿ."

ನಿಲ್ಸಿ, ಎಂದಿತು ಕರಿಬಂಡೆ, ಬೆನ್ನ ಹಿಂದಿನಿಂದ, ಮೆಲ್ಲಗೆ.

ಟೀಚರ್ ತಿರುಗಿ ನೋಡಿದರು. ಬಂಡೆಯನ್ನು ಎಷ್ಟು ಹೊತ್ತು ನೋಡಿದರೆಂದರೆ ಕುಶಾಲಪ್ಪ ಗಾಬರಿಯಾಗಿ ಅಕ್ಕನ ತೋಳು ಹಿಡಿದ. ಅವರು ನಗತೊಡಗಿದರು. ಎರಡನೆಯ ಸೈರನ್ ಇರಲೇ ಇಲ್ಲ. ಗೋಪುರದಲ್ಲಿ ಇದ್ದದ್ದು ಅಕ್ಕ ಒಬ್ಬಳೇ. ಅವಳು ಒಂದು ಸ್ವರ ಹೇಳಿ ಸುಮ್ಮನಾಗುತ್ತಿದ್ದಳು, ಆ ಸುಮ್ಮನಿರುವ ಹೊತ್ತಿನಲ್ಲಿ ಗದ್ದೆಯ ಬೆನ್ನಿಗಿದ್ದ ಬಂಡೆ ಅದನ್ನೇ ತಿರುಗಿ ಹೇಳುತ್ತಿತ್ತು. ಗದ್ದೆಯಲ್ಲಿ ನಿಂತವರಿಗೆ ಇಬ್ಬರು. ಗೋಪುರದ ಬುಡದಲ್ಲಿದ್ದವರಿಗೆ ಅಷ್ಟು ದೂರದ ಮಾರ್ದನಿ ಮೋಟಾರಿನ ಸದ್ದಿನಲ್ಲಿ ಮುಳುಗಿ ಬರೀ ಬಿಕ್ಕಳಿಕೆ. ಕಾಳಮ್ಮನೂ ಸರಿ, ತಾನೂ ಸರಿ. ಮೆಚ್ಚಿನ ಸೈರನ್ನನ್ನು ಅಪ್ಪಿಕೊಂಡು ನಿಂತ ಆ ಪ್ರೇಮಿಗಳ ಗುಂಪೇ, ಇದ್ದ ತಂಗಿಯ ಮೇಲೆ ಇನ್ನೊಬ್ಬ ತಂಗಿಯನ್ನು ತಂದು ಕೂರಿಸಿತ್ತು.

ತಂಗಿಯ ಬಾಯಿ ಕಟ್ಟಿ ಅಕ್ಕನ ಒಂದೇ ಸ್ವರ ಎಳೆಯಿರಿ, ಎಳೆದು ಬಿಟ್ಟುಬಿಡಿ ಎಂದು ಟೀಚರ್ ಫೋನಿನಲ್ಲಿ ಹೇಳಿದರು. ಏರಿನಿಂದ ಒಂದು ಪ ತೇಲಿ ಬಂತು. ನಿಂತಿತು. ಬೆನ್ನ ಹಿಂದಿನಿಂದ ಇನ್ನೊಂದು ಪ, ಚಿಕ್ಕವಳ ದನಿಯಲ್ಲಿ. ಅವಳೇ, ಅದೇ ತಂಗಿ. ಇನ್ನೊಂದು ಎಳೆಯಿರಿ ಎನ್ನುವುದರೊಳಗೆ ತ್ರೀ ಫೇಸ್ ಕರೆಂಟು ಹೋಯಿತು, ಹೋದದ್ದು ಅಂದು ಮತ್ತೆ ಬರಲಿಲ್ಲ.

ಆ ಸಂಜೆ ಹಾಡನ್ನು ಅನುಶ್ರೀಗೆ ಕಲಿಸಲು ಕೂತರು. ನಾಳೆ ಅವಳು ಬಾರಿಸಲಿ, ತಾನು ಗದ್ದೆಯಲ್ಲಿ ನಿಂತು ಕೇಳುವುದು ಎಂದು ಟೀಚರ್ ಮನಸ್ಸಿನಲ್ಲೇ ಸೀರೆಯನ್ನೂ ಆರಿಸಿಟ್ಟಿದ್ದರು. ಅನುಶ್ರೀ ಫೋನಿನಲ್ಲಿ ತಾಳ ಹಾಕಿಕೊಂಡು ಮೇಜಿನ ಮೇಲೆ ಬೆರಳಾಡಿಸಿದಳು. ಲೆಕ್ಕ ಸರಿಯಿತ್ತು, ಹಾಡು ಬರಲಿಲ್ಲ. ಅಕ್ಕ ಒಂದು ಕಡೆ ತಂಗಿ ಮುಗಿಸುವವರೆಗೆ ಕಾಯುತ್ತಾಳೆ, ಇನ್ನೊಂದು ಕಡೆ ಕಾಯದೆ ಮುಂದೆ ಹೋಗಿ ಇಬ್ಬರ ದನಿಯೂ ಕೂಡುತ್ತದೆ. ಎಲ್ಲಿ ಕಾಯಬೇಕು, ಎಲ್ಲಿ ಹೋಗಬೇಕು ಎಂಬುದು ಒಂಬತ್ತು ವರ್ಷ ಆ ಗದ್ದೆಯಲ್ಲಿ ಆಡಿದ ಮೈಗೆ ಮಾತ್ರ ಗೊತ್ತು. ಅನುಶ್ರೀ ಮತ್ತೆ ಮತ್ತೆ ಅವಸರ ಮಾಡಿದಳು. ಕೊನೆಗೆ ಮೇಜಿನ ಮೇಲೆ ತಲೆಯಿಟ್ಟಳು.

"ಆಗಲ್ಲ ಟೀಚರ್. ಖಾಲಿ ಬಿಡೋಕೆ ನಂಗೆ ಭಯ ಆಗುತ್ತೆ."

ಟೀಚರಿಗೆ ಅರ್ಥವಾಯಿತು, ಬಹಳ ದುಃಖವೂ ಆಯಿತು. ತಾನೇ ಬಾರಿಸಬೇಕು. ಬಾರಿಸುವವರಿಗೆ ಹಾಡು ಕೇಳುವುದಿಲ್ಲ. ಕುಶಾಲಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿ ತರುತ್ತೇನೆಂದ. ಫೋನಿನಲ್ಲಿ ಸೈರನ್ ಸೊಳ್ಳೆಯಂತೆ ಕೇಳುತ್ತದೆಂದು ಆ ಗುಂಪಿನಲ್ಲಿ ಗೊತ್ತಿಲ್ಲದವರಿಲ್ಲ. ಹಿಂದಿನ ಕಾಲದಲ್ಲಿ ಇದನ್ನು ಬಾರಿಸುತ್ತಿದ್ದವರು ಯಾರೋ, ಅವರಿಗೂ ಕೇಳಿದ್ದು ಬಿಕ್ಕಳಿಕೆಯೇ ಅಲ್ಲವೇ ಎಂದು ಟೀಚರ್ ಯೋಚಿಸಿದರು. ಗದ್ದೆಯಾಚೆಯಿಂದ ಕೆಲಸಕ್ಕೆ ಬರುವವರಿಗೆಂದೇ ಆ ಮನುಷ್ಯ ಬಾರಿಸಿರಬೇಕು. ಹಾಗೆಂದುಕೊಂಡ ಮೇಲೆ ಸ್ವಲ್ಪ ಸಮಾಧಾನವಾಯಿತು, ಪೂರ್ತಿ ಆಗಲಿಲ್ಲ.

ಭಾನುವಾರ ಬಿಸಿಲೇರುವ ಹೊತ್ತಿಗೆ ಪಲ್ಪರ್ ಮನೆಯ ಅಂಗಳ ತುಂಬಿತ್ತು. ದೀಕ್ಷಿತ್ ತನ್ನ ಅತಿಥಿಗಳಿಗಾಗಿ ಗೋಪುರದ ಬುಡದಲ್ಲಿ ಕುರ್ಚಿ ಹಾಕಿಸಿದ್ದ. ಎಲ್ಲರೂ ಗದ್ದೆಗಿಳಿಯಬೇಕು, ಇಲ್ಲಿ ಒಬ್ಬರೂ ಇರಕೂಡದು ಎಂದು ಟೀಚರ್ ಹೇಳಿದಾಗ ಅವನಿಗೆ ಇದೇನು ತಮಾಷೆ ಎನಿಸಿತು. ಹಾಡು ಇಲ್ಲಿಂದ ಬರುತ್ತದೆ, ಅಲ್ಲಿಗೆ ಹೋಗಿ ಏನು ಮಾಡುವುದು ಎಂದ. ಸೈರನ್ ಪ್ರೇಮಿಗಳ ಗೋಳು ಇನ್ನೂ ಹೆಚ್ಚು. ವಾರಗಟ್ಟಲೆ ದುಡಿದು, ಹಾಡುವ ಹೊತ್ತಿನಲ್ಲಿ ಸೈರನ್ ಬಿಟ್ಟು ಹೋಗಬೇಕೆಂದರೆ ಹೊಟ್ಟೆ ಉರಿಯದೇ. ಟೀಚರ್ ಯಾರೊಡನೆಯೂ ವಾದ ಮಾಡಲಿಲ್ಲ. ಎಲ್ಲರೂ ಸಾಲಾಗಿ ನಡೆಯಿರಿ ಎಂದರು, ಮುಖದಲ್ಲಿ ನಗು ಇರಲಿಲ್ಲ. ಮೊದಲು ಸಾಲಿಗೆ ನಿಂತವನು ದೀಕ್ಷಿತ್. ಕಾಳಮ್ಮ ಮಾತ್ರ, ತನ್ನ ಜನ್ಮದಲ್ಲಿ ಕೇಳಿದ ಬಿಕ್ಕಳಿಕೆ ಸಾಕು, ಆದರೂ ಹೋಗಿ ನೋಡುತ್ತೇನೆ ಎಂದು ಗೊಣಗಿ ಜೀಪಿನ ಮುಂದಿನ ಸೀಟು ಹಿಡಿದಳು. ಅನುಶ್ರೀ ಉಳಿಯುತ್ತೇನೆಂದು ಹಟ ಹಿಡಿದಳು. ನೀನು ಕೇಳದಿದ್ದರೆ ನಾನು ಯಾರಿಗೆ ಬಾರಿಸಲಿ ಎಂದು ಟೀಚರ್ ಅವಳನ್ನೂ ಕಳಿಸಿದರು.

ಎಲ್ಲರೂ ಗದ್ದೆ ಮುಟ್ಟಿದ್ದೇವೆ ಎಂದು ಕುಶಾಲಪ್ಪ ಫೋನ್ ಮಾಡಿ ಇಟ್ಟ. ಟೀಚರ್ ಸ್ವಿಚ್ಚು ಹಾಕಿದರು. ಉರುಳೆಗಳು ಗುರುಗುಟ್ಟಿ ಮೇಲೇರಿದವು. ಅಂಗಳದಲ್ಲಿ ಖಾಲಿ ಕುರ್ಚಿಗಳು, ಒಂದು ನಾಯಿ. ಅದೂ ಎದ್ದು ಕಾಫಿ ತೋಟದೊಳಗೆ ಓಡಿತು. ಮೊದಲ ಹಿಡಿಕೆ ಎಳೆದರು. ಸ. ಬಿಟ್ಟರು. ಏನೂ ಇಲ್ಲ. ಗ. ಬಿಟ್ಟರು. ಏನೂ ಇಲ್ಲ. ಎಷ್ಟು ವಿಕಾರವಾಗಿತ್ತೆಂದರೆ, ಪಾಠ ಕಲಿಯುವ ಮಗು ಹೀಗೆ ಬಾರಿಸಿದ್ದರೆ ಅವರೇ ನಿಲ್ಲಿಸಿ ಬೈಯುತ್ತಿದ್ದರು. ಬೆರಳುಗಳು ಆ ಖಾಲಿ ಜಾಗ ತುಂಬಲು ತವಕಿಸಿದವು, ಅವರು ಬಿಡಲಿಲ್ಲ. ಅಲ್ಲಿ ಈಗ ತಂಗಿ ಹೇಳುತ್ತಿದ್ದಾಳೆ, ಮುಗಿಸಲಿ. ಇಲ್ಲಿ ಕಾಯುವುದು ಬೇಡ, ಇಬ್ಬರೂ ಜೊತೆಗೆ ಹೋಗಲಿ. ಹೀಗೆ ತನಗೆ ಕೇಳದ ಹಾಡನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತ ಬಾರಿಸಿದರು. ಹೆದರಿಕೆಯಿತ್ತು, ಅದರ ಜೊತೆಗೇ ಎಂದೂ ಕಾಣದಂಥ ಖುಷಿ. ಕೊನೆಯ ಸ ಉದ್ದಕ್ಕೆ ಎಳೆದು ಬಿಟ್ಟು ಸ್ವಿಚ್ಚು ಆರಿಸಿದರು. ಉರುಳೆಗಳು ನರಳುತ್ತ ಇಳಿದು ನಿಂತವು.

ಫೋನ್ ಬರಲಿಲ್ಲ. ಟೀಚರ್ ಬೆವರು ಒರೆಸಿಕೊಂಡರು, ಹಿಡಿಕೆಗಳನ್ನು ಸುಮ್ಮನೆ ಬಟ್ಟೆಯಿಂದ ಉಜ್ಜಿದರು. ಕೆಟ್ಟಿರಬೇಕು, ಅದಕ್ಕೇ ಯಾರಿಗೂ ಫೋನ್ ಮಾಡುವ ಧೈರ್ಯವಿಲ್ಲ ಎಂದುಕೊಂಡರು. ಕೊನೆಗೆ ಫೋನ್ ಹೊಡೆದುಕೊಂಡಿತು. ಕುಶಾಲಪ್ಪನದಲ್ಲ, ದೀಕ್ಷಿತ್‌ನದು. ಎತ್ತಿಕೊಂಡರೆ ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು.

"ಟೀಚರೇ, ಇಬ್ರೂ ಬಂದ್ರು."

ಟೀಚರ್ ಅಲ್ಲೇ ಕೂತರು. ಅವನು ಆಮೇಲೆ ಬಡಬಡ ಮಾತಾಡಿದ. ಕಾಳಮ್ಮ ಬಂಡೆಯ ಕಡೆಗೊಮ್ಮೆ ಗೋಪುರದ ಕಡೆಗೊಮ್ಮೆ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ ಗದ್ದೆಯ ಬದುವಿನ ಮೇಲೆ ಕೂತಿದ್ದಾಳೆ, ಅನುಶ್ರೀ ಮೇಡಂ ಕೂಳೆಗದ್ದೆಯಲ್ಲಿ ಓಡಾಡುತ್ತಿದ್ದಾರೆ, ಕರೆದರೂ ನಿಲ್ಲುತ್ತಿಲ್ಲ, ಜಯಪ್ಪನಿಗೆ ಲಾರಿ ಬೇಡವೆಂದು ಹೇಳಿ ಆಯಿತು. ಹೇಳುತ್ತ ಹೇಳುತ್ತ ತಟ್ಟನೆ ನಿಂತು, ಅಲ್ಲಿ ನಿಮಗೆ ಹೇಗೆ ಕೇಳಿಸಿತು ಎಂದ.

"ಇಲ್ಲಿ ಎಂತ ಕೇಳ್ತದೆ ಮಾರಾಯ. ಬರೀ ಬಿಕ್ಕಳಿಕೆ."

ಅವನು ಅಲ್ಲಿ ಯಾರಿಗೋ ಗಲಾಟೆ ಮಾಡಬೇಡಿ ಎಂದು ಹೇಳಿ ಫೋನಿಗೆ ಮರಳಿದ.

"ಹಂಗಾದ್ರೆ ನಂಗೆ ಕಲಿಸಿಕೊಡಿ ಟೀಚರೇ. ಎಷ್ಟು ದಿನ ಹಿಡಿದ್ರೂ ಸರಿ. ಅಲ್ಲಿ ನಾನು ಕೂತ್ಕೊಳ್ತೇನೆ, ನೀವು ಇಲ್ಲಿ ಬಂದು ನಿಂತ್ಕೊಳ್ಳಿ."

ಕಮಲ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು, ಈಗಲೇ ಮೇಲೆ ಬಾ, ಬರುವಾಗ ದಾರಿಯಲ್ಲಿ ಎಲ್ಲೂ ನಿಂತು ಆಕಾಶ ನೋಡಬೇಡ ಎಂದು ಗದರಿ, ಅವನು ಕೂರಲೆಂದು ಹಿಡಿಕೆಗಳ ಮುಂದೆ ಒಂದು ಕುರ್ಚಿ ಎಳೆದುಹಾಕಿದರು.